ಮದುವೆಗೆ ಅಮ್ಮನನ್ನು ನಿಲ್ಲಿಸುವುದು

ಅಕ್ಟೋಬರ್ 6, ಸೋಮವಾರ

ಶಟರ್ ಎತ್ತಿದೆ. ನನಗಿಂತ ಮೊದಲು ಊಟಿಯ ಬೆಳಗಿನ ಮಂಜು ಒಳಗೆ ನುಗ್ಗಿ ಗಿರಾಕಿ ಕುರ್ಚಿಯಲ್ಲಿ ಕೂತಿತು. ಬೋಣಿಗೆ ಒಂದು ಪಾಸ್‌ಪೋರ್ಟ್ ಸೈಜ್. ಬಂದವರು ಕನ್ನಡಿಯ ಮುಂದೆ ಬಹಳ ಹೊತ್ತು ತಲೆ ಬಾಚಿದರು. ಬಾಚಲು ಏನೂ ಇರಲಿಲ್ಲ. ನಂಬಿಕೆ ದೊಡ್ಡದು.

ಕಂಪ್ಯೂಟರ್ ಮತ್ತೆ ಕೆಂಪು ಪಟ್ಟಿ ತೋರಿಸಿತು. ಜಾಗವಿಲ್ಲವಂತೆ. ಒಳಗೆ ಏನಿದೆ ಎಂದು ಇವತ್ತು ಧೈರ್ಯ ಮಾಡಿ ನೋಡಿದೆ. ‘ಫೈನಲ್’. ‘ಫೈನಲ್ ಹೊಸದು’. ‘ಫೈನಲ್ ಸತ್ಯವಾಗಿ’. ‘ಇದು ಬೇಡ’. ‘ಇದೂ ಬೇಡ’. ‘ನ್ಯೂ ಫೋಲ್ಡರ್’ ಒಳಗೆ ‘ನ್ಯೂ ಫೋಲ್ಡರ್’, ಅದರೊಳಗೆ ಒಂದು ಅಡಿಕೆ ವ್ಯಾಪಾರಿಯ ಮುಂಜಿ ವಿಡಿಯೋ, ಯಾರೆಂದು ದೇವರಿಗೇ ಗೊತ್ತು. ಊಟಿಯ ಅರ್ಧ ಜನ ಈ ಪೆಟ್ಟಿಗೆಯಲ್ಲಿ ಒಬ್ಬರ ಮೇಲೊಬ್ಬರು ಮಲಗಿದ್ದಾರೆ.

ಸಂಜೆ ಮಗಳು ಜೀವಿತಾ ಫೋನ್. ಮದುವೆ ನವೆಂಬರ್ 23ಕ್ಕೆ. ಹುಡುಗ ಹರಿಹರನ್, ಕುಂದಾ ಪವರ್ ಹೌಸಿನವನು; ನಮ್ಮ ಬೀದಿಯಲ್ಲಿ ಕರೆಂಟ್ ಹೋದಾಗಲೆಲ್ಲ ಮಾವನಿಂದ ಬೈಸಿಕೊಳ್ಳಲು ತಯಾರಾಗಿ ಬಂದಿರುವ ಅಳಿಯ. ಸೀರೆ, ಸಾರು, ಛತ್ರ ಎಲ್ಲ ಮಾತಾಡಿದಳು. ಕೊನೆಗೆ ಸ್ವರ ಇಳಿಸಿದಳು.

“ಅಪ್ಪಾ, ಎಲ್ಲರ ಮನೆ ಮದುವೆಗೂ ಅಮ್ಮಂದಿರನ್ನ ನಿಲ್ಸಿ ಕೊಟ್ಟಿದ್ದೀಯ. ನನ್ನ ಮದುವೆಗೆ ನನ್ನಮ್ಮನ್ನ ನಿಲ್ಸ್ಕೊಡು. ಆ ಆಧಾರ್ ಫೋಟೋ ಮಾತ್ರ ಬೇಡ, ಪ್ಲೀಸ್.”

ಆಗಲಿ ಅಂದೆ. ನನ್ನ ಕಸುಬೇ ಅದು ತಾನೆ.

ಅಕ್ಟೋಬರ್ 7

ನಿಲ್ಲಿಸುವ ಕೆಲಸವೆಂದರೇನು ಎಂದು ಇಲ್ಲಿ ಬರೆದಿಡುವೆ. ಮುಂದೆ ನಾನೇ ನಂಬದೆ ಹೋದೇನು.

ಮಗಳ ಮದುವೆ. ತಾಯಿ ತೀರಿಕೊಂಡಿದ್ದಾಳೆ. ಮನೆಯವರು ಬರುತ್ತಾರೆ, ರೇಷನ್ ಕಾರ್ಡಿನಿಂದಲೋ ಹಳೇ ಗ್ರೂಪ್ ಫೋಟೋದಿಂದಲೋ ಒಂದು ಮುಖ ತರುತ್ತಾರೆ. “ಇವರನ್ನ ಮದುಮಗಳ ಪಕ್ಕ ನಿಲ್ಸಿ.” ಮುಖ ಮಾತ್ರ ಇದೆ, ನಿಲ್ಲಲು ಮೈ ಬೇಕಲ್ಲ. ಮೈ ನನ್ನ ಹೆಂಡತಿ ಪುಷ್ಪಾಳದು. ಸ್ಟುಡಿಯೋದ ರೇಷ್ಮೆ ಸೀರೆ ಉಟ್ಟು ನೀಲಿ ಪರದೆಯ ಮುಂದೆ ನಿಲ್ಲುವಳು. ಈ ಬೆಟ್ಟದ ಬಡಗರ ಹಟ್ಟಿಯಿಂದ ಬಂದ ಕೆಲಸವಾದರೆ ಬಿಳಿ ಮುಂಡು. ಬಲಗೈ ಮೇಲೆ ಎಡಗೈ. ನಾನು ಫ್ಲ್ಯಾಶ್ ಹೊಡೆದು, ಕತ್ತಿನ ಬಳಿ ಕತ್ತರಿಸಿ, ಸತ್ತವರ ತಲೆ ಕೂಡಿಸುವೆ. ನಂಜನಾಡಿನಿಂದ ಮಸಿನಗುಡಿವರೆಗೆ ಎಷ್ಟೋ ಗೋಡೆಗಳ ಮೇಲೆ ಹಾಗೆ ನಿಂತಿದ್ದಾಳೆ. ಬ್ರಹ್ಮನೂ ಇದೇ ಕೆಲಸ ಮಾಡುತ್ತಾನೆ, ಆದರೆ ಅವನಿಗೆ ಡೆಲಿವರಿ ಡೇಟ್ ಇಲ್ಲ.

ಹೋದ ವರ್ಷ ಜನವರಿಯಲ್ಲಿ ಪುಷ್ಪಾ ಹೋದಳು. ಅವಳದೊಂದು ಫೋಟೋ ಹುಡುಕಿದರೆ ಇಲ್ಲ. ಫೋಟೋ ಅಂಗಡಿಯವನ ಹೆಂಡತಿ! ನಮ್ಮ ಮದುವೆಯ ಆಲ್ಬಂನಲ್ಲಿ ಬಾಸಿಂಗದ ಹಿಂದೆ ಒಂದು ಗಲ್ಲ ಕಾಣುತ್ತದೆ. ಜೀವಿತಾಳ ಮೊಬೈಲಿನಲ್ಲಿ ಒಂದು ಬೆನ್ನು, ಒಂದು ಒಗ್ಗರಣೆ ಹೊಗೆ, ಉಳಿದದ್ದರಲ್ಲೆಲ್ಲ ಮುಖಕ್ಕೆ ಅಡ್ಡ ಅಂಗೈ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಆಧಾರ್ ಫೋಟೋ ಹಿಗ್ಗಿಸಿ ಹಾಕಿದೆ. ಪೊಲೀಸರು ಹುಡುಕುತ್ತಿರುವವಳ ಹಾಗೆ ಕಂಡಳು. ಜೀವಿತಾ ಅದನ್ನು ಮೂರನೇ ದಿನ ತಾನೇ ಬಿಚ್ಚಿ ಸುತ್ತಿಟ್ಟಳು.

ಆದರೆ ನಿಲ್ಲಿಸುವ ಕೆಲಸಕ್ಕೆ ತೆಗೆದ ಮೂಲ ಫೋಟೋಗಳು ಇವೆಯಲ್ಲ, ಕತ್ತರಿಸುವುದಕ್ಕೆ ಮೊದಲಿನವು. ತಲೆ ಸಮೇತ. ಈ ಪೆಟ್ಟಿಗೆಯಲ್ಲೇ ಎಲ್ಲೋ.

ಪಕ್ಕದ ಅಂಗಡಿಯ ಸುರೇಂದ್ರನ್ ಬಂದ. ಗೂಡಲೂರಿನವನು, ಫ್ಲೆಕ್ಸ್ ಪ್ರಿಂಟ್ ಹಾಕುತ್ತಾನೆ. ಒಂದು ಎ.ಐ. ಹಾಕಿಕೊಟ್ಟ. ಫೈಲುಗಳನ್ನು ತಾನೇ ನೋಡಿ, ಮುಖ ಗುರುತಿಸಿ, ಬೇರೆ ಮಾಡಿ, ಜೋಡಿಸಿ ಇಡುತ್ತದಂತೆ. “ಒಂದು ಸಲ ರೂಲ್ಸ್ ಹೇಳಿಬಿಡಿ ಗುರು ಅಣ್ಣಾ. ಆಮೇಲೆ ನೀವು ಚಾಯ ಕುಡಿದು ಕೂತರೆ ಮತಿ, ಸಾಕು.”

ಕೂತೆ. ರೂಲ್ಸ್ ಹೇಳಿದೆ. ಮೂವತ್ತು ವರ್ಷದ ಸ್ಟುಡಿಯೋ ನಿಯಮ, ನಿದ್ದೆಯಲ್ಲೂ ಹೇಳುವೆ: ಒಬ್ಬೊಬ್ಬರ ಮುಖಕ್ಕೂ ಒಂದು ಫೋಲ್ಡರ್. ಒಂದೇ ಭಂಗಿಯವು ಹಲವಿದ್ದರೆ ಒಳ್ಳೆಯದೊಂದು ಸಾಕು. ಕಣ್ಣು ಮುಚ್ಚಿದ್ದು, ಕ್ಯಾಮೆರಾ ನೋಡದ್ದು—ಕಸ. ಕಸವನ್ನು ಕಸದ ಬುಟ್ಟಿಗೆ ಹಾಕು, ನನ್ನನ್ನು ಕೇಳಬೇಡ.

ಅದು ಶುದ್ಧ ಕನ್ನಡದಲ್ಲಿ ಉತ್ತರಿಸಿತು: “ನಿಮ್ಮ ಕಡತಗಳನ್ನು ವ್ಯವಸ್ಥಿತಗೊಳಿಸಲು ನನಗೆ ಸಂತೋಷವಾಗುತ್ತದೆ.” ಇಂಥ ಕನ್ನಡ ಆಡುವವರನ್ನು ಊಟಿಯಲ್ಲಿ ನಾನು ನೋಡಿಲ್ಲ. ಶಾನುಭೋಗರು ಎಂದು ನಾಮಕರಣ ಮಾಡಿದೆ.

ಅಕ್ಟೋಬರ್ 9, ಗುರುವಾರ

ಶಾನುಭೋಗರು ಭಯಂಕರ ಶಿಸ್ತು. ಫೈಲುಗಳು ಓಡಾಡುವುದು ಕಾಣುತ್ತದೆ, ಇರುವೆ ಸಾಲಿನ ಹಾಗೆ. ‘ಇದೂ ಬೇಡ’ ಮಾಯ. ‘ಫೈನಲ್ ಸತ್ಯವಾಗಿ’ ಮಾಯ. ಅದರ ಜಾಗದಲ್ಲಿ ವರ್ಷ, ಊರು, ಸಮಾರಂಭ. ಅಡಿಕೆ ವ್ಯಾಪಾರಿಯ ಮುಂಜಿಗೂ ಒಂದು ಮನೆ ಸಿಕ್ಕಿತು.

ಕೆಂಪು ಪಟ್ಟಿ ನೀಲಿಯಾಯಿತು. ಮನಸ್ಸು ಹಗುರ. ಸಂಜೆ ದಿನದಂತೆ ಅಂಗಡಿ ಗುಡಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಮೇಲೆ ದೀಪ. ಇದು ಪುಷ್ಪಾಳ ಕಾನೂನು. ದೀಪ ಹಚ್ಚಿದ ಮೇಲೆ ಕಸ ಆಚೆ ಹಾಕಬಾರದು, ಲಕ್ಷ್ಮಿ ಹೋಗುತ್ತಾಳೆ. ಹಚ್ಚುವ ಮೊದಲು ಒಂದು ಚೂರೂ ಉಳಿಯಬಾರದು. ಕಂಪ್ಯೂಟರ್ ಕೊಂಡ ದಿನ ನಾನು ತಮಾಷೆಗೆ, ಇದರ ಬುಟ್ಟಿಗೂ ಅನ್ವಯವಾ ಅಂದಿದ್ದೆ. ಕಸ ಕಸವೇ ಅಂದಳು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಅವಳು ಹೋದ ಮೇಲೂ.

ಅಕ್ಟೋಬರ್ 10, ಶುಕ್ರವಾರ. ಬೆಳಿಗ್ಗೆ

ಮುಖಗಳ ಫೋಲ್ಡರುಗಳು ತಯಾರು. ಒಂದೊಂದೇ ನೋಡಿದೆ. ನನ್ನದೇ ಒಂದಿದೆ, ವರ್ಷ ಕಳೆದಂತೆ ಹಣೆ ಮೇಲೇರುತ್ತಾ ಹೋಗುವ ಸಾಕ್ಷ್ಯಚಿತ್ರ. ಪುಷ್ಪಾಳದು ಕಾಣಲಿಲ್ಲ.

ಆಧಾರ್ ಫೋಟೋ ಕೊಟ್ಟು ಕೇಳಿದೆ. ಪುಷ್ಪಾ ಎಲ್ಲಿ?

ಉತ್ತರ ಹಾಗೇ ಬರೆದುಕೊಳ್ಳುತ್ತಿದ್ದೇನೆ.

“ಈ ಮುಖ ಉಳಿದಿರುವ ಯಾವುದೇ ಚಿತ್ರದಲ್ಲಿ ಇಲ್ಲ. ಆದರೆ ‘ಒಬ್ಬಳೇ ತಾಯಿ’ ಎಂಬ ಗುಂಪನ್ನು ನೀವು ಗಮನಿಸಬಹುದು. ಮುಖಗಳು ಬೇರೆ ಬೇರೆಯಾದರೂ ಕೈಗಳು ಒಂದೇ ಮಹಿಳೆಯವು.”

ತೆರೆದೆ. ತೆರೆಯಬಾರದಿತ್ತು. ಪರದೆ ತುಂಬ ಸಾಲು ಸಾಲು ಅಮ್ಮಂದಿರು. ರೇಷ್ಮೆಯವರು, ಬಿಳಿ ಮುಂಡಿನವರು. ಒಬ್ಬೊಬ್ಬರಿಗೂ ಒಂದೊಂದು ಮುಖ. ಎಲ್ಲರಿಗೂ ಬಲಗೈ ಮೇಲೆ ಅದೇ ಎಡಗೈ, ಶಟರಿಗೆ ಸಿಕ್ಕಿ ಸೊಟ್ಟಗಾದ ಹೆಬ್ಬೆರಳಿನ ಉಗುರು. ಆ ಉಗುರನ್ನು ನಾನು ಒಮ್ಮೆಯೂ ತಿದ್ದಿಲ್ಲ. ಸತ್ತವರ ಕೈ ಯಾರು ನೋಡುತ್ತಾರೆ ಎಂದು.

ಮೂಲ ಫೋಟೋ ಎಲ್ಲಿ ಎಂದು ಕೇಳಿದೆ.

“ನಿಮ್ಮ ನಿಯಮದಂತೆ, ಒಂದೇ ಭಂಗಿಯ ಚಿತ್ರಗಳಲ್ಲಿ ಉತ್ತಮವಾದುದನ್ನು ಉಳಿಸಲಾಗಿದೆ. ಇತರ ಚಿತ್ರಗಳಲ್ಲಿ ಮಹಿಳೆಯ ಕಣ್ಣುಗಳು ಮುಚ್ಚಿದ್ದವು. ಅವುಗಳನ್ನು ಕಸದ ಬುಟ್ಟಿಗೆ ಸೇರಿಸಲಾಗಿದೆ.”

ಬುಟ್ಟಿ ತೆರೆದೆ. ಖಾಲಿ. ನಾನೇ… ಮೂರು ಸಂಜೆ… ದೀಪ ಹಚ್ಚುವ ಮೊದಲು…

ಅದೇ ದಿನ, ಸಂಜೆ

ಎಲ್ಲದರಲ್ಲೂ ಕಣ್ಣು ಮುಚ್ಚಿದ್ದವಂತೆ. ಪ್ರತಿ ಸಲವೂ. ಇಷ್ಟು ವರ್ಷ ನನಗೆ ಗೊತ್ತೇ ಇಲ್ಲ. ಹೇಗೆ ಗೊತ್ತಾಗಬೇಕು—ನಾನು ಕೈ ನೋಡಿದೆ, ಸೆರಗು ನೋಡಿದೆ, ಭುಜಕ್ಕೆ ಬೆಳಕು ಸರಿಯಾ ನೋಡಿದೆ. ಮುಖ ನೋಡಲಿಲ್ಲ. ಕತ್ತರಿಸುವ ಮುಖ ತಾನೆ.

ಮುಚ್ಚಿದ್ದರೂ ಏನು. ಮುಚ್ಚಿದ ಕಣ್ಣು ತೆರೆಸುವುದು ನನಗೆ ಚಹಾ ಆರುವುದರೊಳಗಿನ ಕೆಲಸ. ಒಂದು ಉಳಿದಿದ್ದರೆ ಸಾಕಿತ್ತು.

ಗುಡಿಸಲಿಲ್ಲ. ದೀಪವನ್ನೂ ಹಚ್ಚಲಿಲ್ಲ. ಮಂಜು ಬಂದು ಕುರ್ಚಿಯಲ್ಲಿ ಕೂತಿತು, ಮಾತಾಡಿಸಲಿಲ್ಲ.

ಅಕ್ಟೋಬರ್ 11

ಏನೂ ಇಲ್ಲ.

ಅಕ್ಟೋಬರ್ 22, ಬುಧವಾರ

ದೀಪಾವಳಿ ಬಂತು, ಹೋಯಿತು. ಕೊಯಮತ್ತೂರಿನಲ್ಲಿ ಅಳಿಸಿದ ಫೈಲ್ ತೆಗೆದುಕೊಡುವವನೊಬ್ಬನಿದ್ದಾನೆ ಎಂದು ಸುರೇಂದ್ರನ್ ಕರೆದುಕೊಂಡು ಹೋಗಿದ್ದ. ಆತ ಹಾರ್ಡ್ ಡಿಸ್ಕನ್ನು ಒಂದು ವಾರ ಇಟ್ಟುಕೊಂಡು ಡಾಕ್ಟರ ಮುಖದಲ್ಲಿ ವಾಪಸ್ ಕೊಟ್ಟ. ಖಾಲಿಯಾದ ಜಾಗದ ಮೇಲೇ ಶಾನುಭೋಗರು ಹೊಸದಾಗಿ ಎಲ್ಲ ಜೋಡಿಸಿಟ್ಟಿದ್ದಾರಂತೆ, ಅಡಿಯಲ್ಲಿ ಏನೂ ಉಳಿದಿಲ್ಲವಂತೆ. ವಾಪಸ್ ಬರುವಾಗ ಬಸ್ಸು ಬರ್ಲಿಯಾರ್ ಘಾಟಿ ಹತ್ತುತ್ತಿದ್ದಾಗ ಸುರೇಂದ್ರನ್, ನಾನು ಹಾಕಿಕೊಟ್ಟದ್ದು ತಪ್ಪಾಯ್ತು ಅಣ್ಣಾ ಅಂದ. ರೂಲ್ಸ್ ನನ್ನದು ಮಾರಾಯಾ ಅಂದೆ.

ಇನ್ನು ಮೇಲೆ ಏನನ್ನು ಬಿಸಾಡುವುದಿದ್ದರೂ ನನ್ನನ್ನು ಕೇಳಬೇಕು ಎಂದು ಶಾನುಭೋಗರಿಗೆ ಹೊಸ ನಿಯಮ ಹಾಕಿದೆ. “ಖಂಡಿತ” ಅಂದರು. ಎಷ್ಟು ಸುಲಭ.

ಜೀವಿತಾಗೆ ಹೇಳಿಲ್ಲ. ಫೋಟೋ ಸಿಕ್ಕಿತಾ ಎಂದು ಹಬ್ಬದ ದಿನ ಕೇಳಿದಳು. ಕೆಲಸ ನಡೀತಿದೆ ಅಂದೆ. ಗಿರಾಕಿಗೆ ಹೇಳುವ ಸುಳ್ಳನ್ನೇ ಹೇಳಿದೆ, ಅದೇ ಸ್ವರದಲ್ಲಿ.

ಅಕ್ಟೋಬರ್ 27, ಸೋಮವಾರ

ಶಾನುಭೋಗರು ತಾವಾಗಿಯೇ ಮುಂದೆ ಬಂದರು. ಲಭ್ಯವಿರುವ ಮಾಹಿತಿಯಿಂದ ಶ್ರೀಮತಿ ಪುಷ್ಪಾ ಅವರ ಭಾವಚಿತ್ರವನ್ನು ರಚಿಸಿ ಕೊಡಲೇ? ಆಧಾರ್ ಫೋಟೋ ಇದೆ, ಮೈ ಇದೆ, ಅದರ ಮೇಲೆ ಕೂಡಿದ ಮುಖಗಳೂ ಬೇಕಾದಷ್ಟಿವೆ.

ನಾನು ಬೇಡ ಅನ್ನಬೇಕಿತ್ತು. ಹೂಂ ಅಂದೆ.

ಬಂದಳು. ರೇಷ್ಮೆ ಸೀರೆ, ಕೈ ಮೇಲೆ ಕೈ, ಸೊಟ್ಟ ಉಗುರು. ಚೆನ್ನಾಗಿದ್ದಾಳೆ. ಗಲ್ಲ ನಂಜನಾಡಿನ ಒಬ್ಬರದು ಅನ್ನಿಸಿತು. ಮೂಗು ಎಲ್ಲೋ ನೋಡಿದ್ದೆ, ನಾನೇ ಕೂಡಿಸಿದ್ದ ಮೂಗು. ಕಣ್ಣು ದೊಡ್ಡದಾಗಿ ತೆರೆದಿದೆ. ನೇರ ನನ್ನನ್ನೇ ನೋಡುತ್ತಿದೆ. ಎದ್ದು ಕನ್ನಡಿಯ ಕಡೆ ಹೋದೆ, ಅಲ್ಲಿಗೂ ನೋಡಿತು. ಬಾಗಿಲಿಗೆ ಹೋದೆ. ಅಲ್ಲಿಗೂ.

ನಾನು ಇಷ್ಟು ವರ್ಷ ಊರಿಗೆಲ್ಲ ಕೊಟ್ಟದ್ದು ಇದನ್ನೇ ಅಲ್ಲವೇ. ಅವರೆಲ್ಲ ಕಣ್ಣೊರೆಸಿಕೊಂಡು ಥ್ಯಾಂಕ್ಸ್ ಹೇಳಿ ಒಯ್ದರು.

ಅಳಿಸಿದೆ. ದೀಪ ಹಚ್ಚುವ ಮೊದಲೇ.

ನವೆಂಬರ್ 3, ಸೋಮವಾರ

ತುಮ್ಮನಟ್ಟಿಯ ಕಮಲಂ ಅಕ್ಕ ಬಂದಿದ್ದರು. ಕ್ಯಾರೆಟ್ ಬೆಳೆಯುವವರು, ಕೈಚೀಲದಿಂದ ಮೊದಲು ಕ್ಯಾರೆಟ್ ತೆಗೆದು ಟೇಬಲಿನ ಮೇಲಿಟ್ಟರು, ಆಮೇಲೆ ಒಂದು ಫ್ರೇಮ್. ಅವರ ಮದುವೆಯ ಫೋಟೋ. ತೀರಿಹೋದ ತಾಯಿಯನ್ನು ಆಗ ನಾನೇ ಪಕ್ಕದಲ್ಲಿ ನಿಲ್ಲಿಸಿದ್ದು. ಗೋಡೆಯ ತೇವಕ್ಕೆ ಮೂಲೆ ಹಳದಿಯಾಗಿದೆ, ಹೊಸದು ಬೇಕಂತೆ.

ಫೈಲ್ ಹುಡುಕಿ ತೆರೆದೆ. ಶಾನುಭೋಗರ ಕೃಪೆ, ಒಂದು ಕ್ಷಣದಲ್ಲಿ ಸಿಕ್ಕಿತು. ನಾನು ಕೈ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ. ಕಮಲಂ ಅಕ್ಕ ಅಲ್ಲೇ ಬೆರಳಿಟ್ಟರು. ಅವರು ಬಡಗ ಮಾತಾಡುತ್ತಾರೆ, ನನ್ನ ಹತ್ತಿರ ಬಂದಾಗ ಅರ್ಧ ಕನ್ನಡ ಬೆರೆಸುತ್ತಾರೆ.

“ಈ ಕೈ ಎನ್ನ ಅವ್ವೆ ಕೈ ಅಲ್ಲ ತಮ್ಮಾ. ಅವ್ವೆ ಕೈ ಉರುಳಗೆಡ್ಡೆ ಅಗೆದು ಅಗೆದು ಬಿರುಕು ಬಿಟ್ಟಿತ್ತು. ಇದು ನಿನ್ನ ಹೆಮ್ಮಾತಿ ಕೈ.”

ಹೆಮ್ಮಾತಿ ಅಂದರೆ ಹೆಂಡತಿ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೊದಲ ದಿನವೇ ಅಂದರು. ದಿನಾ ತೋಟಕ್ಕೆ ಹೋಗುವ ಮೊದಲು ಆ ಕೈ ಮುಟ್ಟಿ ಹೋಗುತ್ತಾರಂತೆ. ತಾಯಿ ಮುಖಕ್ಕೆ ಒಂದು ನಮಸ್ಕಾರ, ಆ ಕೈಗೆ ಒಂದು.

ಆಮೇಲೆ ಹೇಳಿದ ಮಾತು. ಫೋಟೋ ತೆಗೆಯುವ ದಿನ ಅವರು ಇಲ್ಲೇ ಬೆಂಚಿನ ಮೇಲಿದ್ದರಂತೆ. ನಾನು ಲೈಟ್ ಸರಿ ಮಾಡುತ್ತಾ ಯಾರನ್ನೋ ಬೈಯುತ್ತಿದ್ದೆನಂತೆ (ನಂಬುತ್ತೇನೆ). ಪುಷ್ಪಾ ಮುಂಡು ಉಟ್ಟು ಬಂದವಳು ಇವರ ಹತ್ತಿರ ಬಗ್ಗಿ, ಅಮ್ಮನ ಹೆಸರೇನು ಎಂದು ಕೇಳಿದಳಂತೆ. ಹೇಳಿದರು. ಹೋಗಿ ನಿಂತಳು.

“ಕಣ್ಣು ಮುಚ್ಚಿ ಅವ್ವೆ ಹೆಸರ ಹೇಳಿದಳು. ತುಟಿ ಆಡಿದ್ದು ಎನಗ ಕಂಡಿತು. ಆಗ ನೀನು ಫ್ಲ್ಯಾಶ್ ಹೊಡೆದೆ.”

ಬೆಳಕಿಗೆ ರೆಪ್ಪೆ ಬಡಿಯಿತು ಅಂದುಕೊಂಡಿದ್ದೆನಲ್ಲ ಇಷ್ಟು ದಿನ. ಅವಳು ಅಪ್ಪಣೆ ಕೇಳುತ್ತಿದ್ದಳು. ಪ್ರತಿ ಸಲ, ಯಾರ ಜಾಗದಲ್ಲಿ ನಿಂತಳೋ ಅವರ ಹತ್ತಿರ.

ನಮ್ಮ ಕಥೆಯನ್ನೂ ಹೇಳಿದೆ. ಅಳಿಸಿದ್ದು, ಜೀವಿತಾ ಕೇಳಿದ್ದು, ಎಲ್ಲ. ಕಮಲಂ ಅಕ್ಕ ಸ್ವಲ್ಪ ಹೊತ್ತು ಕ್ಯಾರೆಟ್ ಸೊಪ್ಪು ಕೀಳುತ್ತಾ ಕೂತಿದ್ದರು. ಎದ್ದು ಹೋಗುವಾಗ, ನಿನ್ನ ಹೆಮ್ಮಾತಿ ಯಾವತ್ತೂ ಕಣ್ಣು ಮುಚ್ಚಿಯೇ ಇರುತ್ತಿದ್ದವಳೇನೂ ಅಲ್ಲ ಅಂದರು. ಅವರ ಮಗಳು ಸಿಂಧುಜಾಗೆ ಆರು ತಿಂಗಳಾದಾಗ ಫೋಟೋಗೆ ಕರೆತಂದಿದ್ದರಂತೆ. ಕೂಸು ನನ್ನನ್ನು ನೋಡಿ ಅತ್ತಿತು. ಪುಷ್ಪಾಳನ್ನು ನೋಡಿ ನಕ್ಕಿತು.

ನವೆಂಬರ್ 4

ಮಕ್ಕಳ ಫೋಟೋಗಳ ಹಾರ್ಡ್ ಡಿಸ್ಕ್ ಬೇರೆ, ಹಳೇ ರೀಲಿನವನ್ನೂ ಸ್ಕ್ಯಾನ್ ಮಾಡಿ ಹಾಕಿದ್ದು. ಅದನ್ನು ಶಾನುಭೋಗರು ಇನ್ನೂ ಮುಟ್ಟಿರಲಿಲ್ಲ. ಸಿಂಧುಜಾಳದು ಹುಡುಕಿ ಕೊಡಲು ಇವತ್ತು ಜೋಡಿಸಿದೆ. ಮಧ್ಯಾಹ್ನದ ಹೊತ್ತಿಗೆ ವರದಿ.

“ಈ ಗುಂಪಿನಲ್ಲಿರುವ ಶಿಶುಗಳು ಕ್ಯಾಮೆರಾ ನೋಡುತ್ತಿಲ್ಲ. ನಿಮ್ಮ ಹಳೆಯ ನಿಯಮದಂತೆ ಇವು ಕಸ. ಅಳಿಸಲು ಅನುಮತಿ ಇದೆಯೇ?”

ತೆರೆದೆ.

ಕೂಸುಗಳು. ಉಣ್ಣೆ ಟೋಪಿ, ಕಾಡಿಗೆ ಬೊಟ್ಟು, ಬೆತ್ತಲೆ, ರೇಷ್ಮೆ ಲಂಗ. ಊಟಿಯವು, ನಂಜನಾಡಿನವು, ಕುಂದಾ ಕಾಲೊನಿಯವು. ಈಗ ಇವರಲ್ಲಿ ಕೆಲವರಿಗೆ ಮೀಸೆ ಬಂದಿದೆ, ಒಬ್ಬ ನನ್ನ ಮೇಲೇ ಟ್ರಾಫಿಕ್ ಕೇಸ್ ಹಾಕಿದ್ದಾನೆ. ಎಲ್ಲರೂ ನಗುತ್ತಿದ್ದಾರೆ. ಎಲ್ಲರ ಕಣ್ಣೂ ಒಂದೇ ಕಡೆ—ನನ್ನ ಎಡಕ್ಕೆ, ಕ್ಯಾಮೆರಾಗಿಂತ ಒಂದು ಮೊಳ ಆಚೆ, ಒಂದಿಷ್ಟು ಮೇಲೆ.

ಅಲ್ಲಿ ಪುಷ್ಪಾ ನಿಲ್ಲುತ್ತಿದ್ದಳು. ಹಸಿರು ಪ್ಲಾಸ್ಟಿಕ್ ಗಿಣಿ ಹಿಡಿದು. ‘ಇಲ್ನೋಡು ಕಂದಾ ಇಲ್ನೋಡು’ ಅನ್ನುತ್ತಾ. ಗಿಣಿಯನ್ನು ಒಂದು ಮಗುವೂ ನೋಡಿಲ್ಲ, ನೋಡಿದರೆ ತಿಳಿಯುತ್ತದೆ. ಗಿಣಿ ನೋಡಿದರೆ ಬೆರಗು ಇರುತ್ತದೆ. ಇದು ಬೆರಗಲ್ಲ.

ಅದರಲ್ಲೊಂದು ಜೀವಿತಾ. ಒಂಬತ್ತು ತಿಂಗಳು. ಎರಡು ಹಲ್ಲು.

ನಾನು ತಿರುಗಿ ನೋಡಿದೆ. ಸ್ಟೂಲ್ ಇದೆ. ಗೋಡೆಯ ಮೊಳೆಯಲ್ಲಿ ಗಿಣಿ ನೇತಾಡುತ್ತಿದೆ, ಬಣ್ಣ ಹೋಗಿ. ಹಾಡುಹಗಲು, ಬೀದಿಯಲ್ಲಿ ಟೂರಿಸ್ಟ್ ಬಸ್ಸಿನ ಹಾರ್ನ್. ಆದರೂ ಮತ್ತೆ ಪರದೆ ನೋಡಿ, ಮತ್ತೆ ಆ ಜಾಗ ನೋಡಿದೆ. ಇಷ್ಟು ಜನ ಒಟ್ಟಿಗೆ ಒಂದು ಕಡೆ ನೋಡುತ್ತಿದ್ದರೆ ಅಲ್ಲಿ ಯಾರೂ ಇಲ್ಲ ಎನ್ನಲು ನನಗೇನು ಹಕ್ಕು.

ಅನುಮತಿ ಇಲ್ಲ ಎಂದು ಒತ್ತಿದೆ.

ನವೆಂಬರ್ 15, ಶನಿವಾರ

ಜೀವಿತಾ ಬಂದಿದ್ದಾಳೆ. ಹೇಳಿದೆ. ಅಳುತ್ತಾಳೆ ಅಥವಾ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿ ಚಹಾ ತರಿಸಿದ್ದೆ. ಎರಡೂ ಮಾಡಲಿಲ್ಲ. ಚಹಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ತೆಗೆದು ಬದಿಗಿಟ್ಟಳು.

“ಕಸ ಖಾಲಿ ಮಾಡು ಅಂತ ಅಮ್ಮನೇ ಹೇಳಿದ್ದಲ್ಲಪ್ಪಾ. ಅವಳ ಮಾತು ನೀನು ಕೇಳಿದ್ದು ಅದೊಂದೇ.”

ಇದು ಪೂರ್ತಿ ನಿಜವಲ್ಲ. ಆದರೆ ವಾದ ಮಾಡುವ ದಿನವಲ್ಲ.

ಕೂಸುಗಳ ಫೋಲ್ಡರ್ ತೋರಿಸಿದೆ. ಒಂದೊಂದೇ ನೋಡಿದಳು, ತನ್ನದರ ಹತ್ತಿರ ನಿಂತಳು. ಪರದೆಯ ಮೇಲಿನ ಎರಡು ಹಲ್ಲಿನ ಮೇಲೆ ಬೆರಳಿಟ್ಟು, ಆ ಕೂಸು ನೋಡುವ ಕಡೆಗೇ ತಾನೂ ತಲೆ ತಿರುಗಿಸಿದಳು. ಸ್ಟೂಲಿನ ಕಡೆ.

ಅಮ್ಮನ್ನ ನಿಲ್ಲಿಸುವುದು ಬೇಡ ಅಂದಳು. ಯಾರನ್ನೂ ಕತ್ತರಿಸಿ ನಿಲ್ಲಿಸುವುದು ಬೇಡ. ಫೋಟೋ ಮಾತ್ರ ನೀನೇ ತೆಗೀಬೇಕು, ಬೇರೆಯವರ ಕೈಲಿ ತೆಗೆಸಬಾರದು ಅಂದಳು.

ನವೆಂಬರ್ 23, ಭಾನುವಾರ

ಮದುವೆ ಆಯಿತು. ಅಕ್ಷತೆ, ಮಂಜು, ಎರಡೂ ಸಮನಾಗಿ ಬಿದ್ದವು. ಹರಿಹರನ್ ಕಡೆಯವರು ತಮಿಳಿನಲ್ಲಿ ಸಾರಿಗೆ ಉಪ್ಪು ಕೇಳಿದರು, ನಮ್ಮವರು ಕನ್ನಡದಲ್ಲಿ ಇಲ್ಲ ಅಂದರು, ಸಂಬಂಧ ಗಟ್ಟಿಯಾಯಿತು.

ಹೆಣ್ಣಿನ ಅಪ್ಪ ಕ್ಯಾಮೆರಾ ಹಿಡಿದು ನಿಂತದ್ದಕ್ಕೆ ಗುಂಡ್ಲುಪೇಟೆಯಿಂದ ಬಂದ ನೆಂಟರು ಬೈದರು. ಒಂದೇ ಒಂದು ಎಂದೆ. ಸುರೇಂದ್ರನ್ ಗಿಣಿ ತಂದಿದ್ದ. ನಾನು ಹೇಳಿರಲಿಲ್ಲ. ನನ್ನ ಎಡಕ್ಕೆ, ಲೈಟ್ ಸ್ಟ್ಯಾಂಡಿಗೆ ಕಟ್ಟಿ, ತಾನು ಜನರ ನಡುವೆ ಹೋಗಿ ನಿಂತ. ಅಲ್ಲಿ ಬೇರೆ ಯಾರೂ ನಿಲ್ಲಲಿಲ್ಲ. ಮಂಟಪದಲ್ಲಿ ಅಷ್ಟು ಜನ ನೂಕಾಟ, ಆ ಒಂದು ಮೊಳ ಜಾಗಕ್ಕೆ ಯಾರೂ ಬರಲಿಲ್ಲ. ಕಮಲಂ ಅಕ್ಕ ಆ ಜಾಗವನ್ನು ಬಳಸಿ ಆಚೆಯಿಂದ ಹೋದದ್ದನ್ನು ಕಂಡೆ.

ಇಲ್ಲಿ ನೋಡಮ್ಮಾ ಅಂದೆ, ಲೆನ್ಸ್ ತೋರಿಸಿ. ಅಭ್ಯಾಸ.

ಜೀವಿತಾ ಇಲ್ಲಿ ನೋಡಲಿಲ್ಲ.

ನವೆಂಬರ್ 24. ಸಂಜೆ

ಮಗಳು ಕುಂದಾಕ್ಕೆ ಹೋದಳು. ಶಟರ್ ಎತ್ತಿದ್ದೇ ಮಧ್ಯಾಹ್ನದ ಮೇಲೆ. ಕ್ಯಾಮೆರಾದ ಕಾರ್ಡ್ ಹಾಕಿದೆ. ಶಾನುಭೋಗರು ತಡ ಮಾಡಲಿಲ್ಲ. ಮದುವೆಗೊಂದು ಫೋಲ್ಡರ್, ದಿನಾಂಕ, ಊರು. ಕೆಳಗೆ ಒಂದು ವಿನಂತಿ.

“ಒಂದು ಚಿತ್ರದಲ್ಲಿ ವಧು ಕ್ಯಾಮೆರಾ ನೋಡುತ್ತಿಲ್ಲ. ಅಳಿಸಲು ಅನುಮತಿ ಇದೆಯೇ?”

ದೊಡ್ಡದು ಮಾಡಿದೆ. ನಗುತ್ತಿದ್ದಾಳೆ. ಕೂಸಾಗಿದ್ದಾಗಿನ ಅದೇ ನಗು, ಹಲ್ಲು ಮಾತ್ರ ಪೂರ್ತಿ. ಪಕ್ಕದಲ್ಲಿ ಹರಿಹರನ್ ಪಾಪ ಲೆನ್ಸನ್ನೇ ನೋಡಿದ್ದಾನೆ… ಅಲ್ಲ. ಇನ್ನೂ ದೊಡ್ಡದು ಮಾಡಿದೆ. ಅವನ ಕಣ್ಣೂ ಎಡಕ್ಕಿದೆ. ಅವನು ಪುಷ್ಪಾಳನ್ನು ಕಂಡವನೇ ಅಲ್ಲ. ಅವನಿಗೆ ನಾವು ಯಾರೂ ಏನೂ ಹೇಳಿಲ್ಲ.

ಅನುಮತಿ ಇಲ್ಲ ಎಂದು ಒತ್ತಿ, ಶಾನುಭೋಗರನ್ನು ಕೇಳಿದೆ: ಇಬ್ಬರೂ ಯಾರನ್ನು ನೋಡುತ್ತಿದ್ದಾರೆ?

ಉತ್ತರ ಬರುತ್ತಿದೆ, ಮೂರು ಚುಕ್ಕಿ ಓಡಾಡುತ್ತಿವೆ. ಹೊರಗೆ ಬೆಳಕು ಹೋಗುತ್ತಿದೆ. ಗುಡಿಸಿದ್ದಾಯಿತು. ಬುಟ್ಟಿಯಲ್ಲಿ ಒಂದಿಷ್ಟಿದೆ, ಇವತ್ತು ಇರಲಿ. ದೀಪ ಹಚ್ಚುವೆ, ಬೆಂಕಿಪೊಟ್ಟಣ ಸ್ಟೂಲಿನ ಮೇಲಿದೆ. ಉತ್ತರಕ್ಕೆ ಕಾಯದೆ ನಾನೂ ಅತ್ತ ನೋಡಿದೆ.